ಮ್ಯಾರಥಾನ್ ಗೆದ್ದವರು 4×400 ಮೀಟರ್ ರಿಲೇಗೂ ಇಳಿಯುವುದು ಹೇಗೆ?

ಪ್ರಶ್ನೆ: ಸರ್, ನಾನು ಹೈಸ್ಕೂಲಿನಲ್ಲಿ ಪಿ.ಇ. ಟೀಚರ್. 2016ರ ರಿಯೊ ಪ್ಯಾರಾಲಿಂಪಿಕ್ಸ್‌ನ ಮಹಿಳೆಯರ ವೀಲ್‌ಚೇರ್ ಮ್ಯಾರಥಾನ್ ಬಗ್ಗೆ ಕ್ಲಾಸಿನಲ್ಲಿ ಹೇಳಿದೆ. ಚೀನಾದ ಜೋ ಲಿಹೊಂಗ್ ಕೂದಲೆಳೆ ಅಂತರದಲ್ಲಿ ಗೆದ್ದಿದ್ದರು. ಅದೇ ಕೂಟದಲ್ಲಿ ಅವರು 4×400 ರಿಲೇ ಚಿನ್ನದ ತಂಡದಲ್ಲೂ ಇದ್ದರಂತೆ. ಮಕ್ಕಳು ಕೇಳಿದರು: ಮ್ಯಾರಥಾನ್ ಓಡುವವರು 400 ಮೀಟರ್ ಹೇಗೆ ಓಡ್ತಾರೆ? ಚೀನಾದವರ ಕುರ್ಚಿಯೇ ಬೇರೆನಾ? ನನ್ನದೂ ಒಂದು ಪ್ರಶ್ನೆ ಇದೆ. ಅಮೆರಿಕದ ವೀಲ್‌ಚೇರ್ ಓಟಗಾರ್ತಿ ಟಟ್ಯಾನಾ ಮೆಕ್‌ಫಾಡನ್ ಹೆಸರು ವರ್ಷವಿಡೀ ಕೇಳುತ್ತೇವೆ. ಚೀನಾದವರ ಹೆಸರು ನಾಲ್ಕು ವರ್ಷಕ್ಕೊಮ್ಮೆ ಮಾತ್ರ ಯಾಕೆ ಬರುತ್ತದೆ? ಅವರ ಕ್ರೀಡಾಬದುಕು ಹೇಗಿರುತ್ತದೆ?

ಉತ್ತರ: ಮಕ್ಕಳ ಪ್ರಶ್ನೆಯಿಂದಲೇ ಶುರು ಮಾಡೋಣ. ಬೋರ್ಡಿನ ಮೇಲೆ ಒಂದು ಲೆಕ್ಕ ಮಾಡಿಸಿ.

ಜೋ ಲಿಹೊಂಗ್ ರಿಯೊದಲ್ಲಿ 42.195 ಕಿಲೋಮೀಟರನ್ನು 1 ಗಂಟೆ 38 ನಿಮಿಷ 44 ಸೆಕೆಂಡಿನಲ್ಲಿ ಮುಗಿಸಿದರು. ಅಂದರೆ ಸರಾಸರಿ ಗಂಟೆಗೆ ಸುಮಾರು 25.6 ಕಿ.ಮೀ. ಅವರು ಓಡುವ ಟಿ54 ವರ್ಗದಲ್ಲಿ (ವೀಲ್‌ಚೇರ್ ಓಟಗಾರರ ಒಂದು ವರ್ಗ, ವಿವರ ಮುಂದೆ ಬರುತ್ತದೆ) ಮಹಿಳೆಯರ 100 ಮೀಟರ್ ಚಿನ್ನಕ್ಕೆ ಬೇಕಾಗುವುದು 16 ಸೆಕೆಂಡಿನ ಆಸುಪಾಸು. ಅದರ ಸರಾಸರಿ ಗಂಟೆಗೆ ಸುಮಾರು 22.5 ಕಿ.ಮೀ. ಮ್ಯಾರಥಾನ್ ವೇಗವೇ ಜಾಸ್ತಿ! ಕಾಲಲ್ಲಿ ಓಡುವವರಲ್ಲಿ ಇದು ಪೂರ್ತಿ ತಿರುಗಾ ಮುರುಗಾ. ಉಸೇನ್ ಬೋಲ್ಟ್ 9.58 ಸೆಕೆಂಡಿನಲ್ಲಿ 100 ಮೀಟರ್ ಓಡಿದಾಗ ಸರಾಸರಿ 37 ಕಿ.ಮೀ. ದಾಟಿತ್ತು. ಗಂಡಸರ ಮ್ಯಾರಥಾನ್ ದಾಖಲೆಯ ವೇಗ 21 ಕಿ.ಮೀ. ಸುತ್ತಮುತ್ತ. ಅಲ್ಲಿ ದೂರ ಹೆಚ್ಚಾದಂತೆ ವೇಗ ಹೆಚ್ಚುಕಡಿಮೆ ಅರ್ಧಕ್ಕೆ ಬೀಳುತ್ತದೆ. ಇಲ್ಲಿ ಬೀಳುವುದಿಲ್ಲ.

ಕಾರಣ ಕುರ್ಚಿಯಲ್ಲೇ ಇದೆ. ರೇಸಿಂಗ್ ವೀಲ್‌ಚೇರಿಗೆ ಮೂರು ಗಾಲಿ. ಹಿಂದೆ ಎರಡು ದೊಡ್ಡವು, ಉದ್ದನೆಯ ಮೂತಿಯ ತುದಿಯಲ್ಲಿ ಒಂದು ಚಿಕ್ಕದು. ಗೇರ್ ಇಲ್ಲ, ಚೈನ್ ಇಲ್ಲ, ನಿಯಮದ ಪ್ರಕಾರ ಇರುವಂತೆಯೂ ಇಲ್ಲ. ಒಂದೊಂದು ದೊಡ್ಡ ಗಾಲಿಗೂ ಒಂದು ಸಣ್ಣ ರಿಂಗ್ ಅಂಟಿಕೊಂಡಿರುತ್ತದೆ. ತಳ್ಳುವುದು ಅದನ್ನು. ರಿಂಗ್ ಚಿಕ್ಕದಾದಷ್ಟೂ ಹೊರಡುವುದು ಕಷ್ಟ, ಹೊರಟ ಮೇಲೆ ಸಿಗುವ ವೇಗ ಜಾಸ್ತಿ. ಟಾಪ್ ಗೇರಿನಲ್ಲೇ ಸಿಕ್ಕಿಹಾಕಿಕೊಂಡ ಸೈಕಲ್ಲನ್ನು ನಿಂತಲ್ಲಿಂದ ತುಳಿದ ಹಾಗೆ. ಮೊದಲ ಹತ್ತು ತಳ್ಳು ಹೆಣಗಾಟ. ಆಮೇಲೆ ಕುರ್ಚಿ ತಾನಾಗಿ ಉರುಳಲು ಶುರುಮಾಡುತ್ತದೆ, ಕೈಗಳ ಕೆಲಸ ಆ ವೇಗವನ್ನು ಉಳಿಸಿಕೊಂಡು ಏರಿಸುವುದು.

ಹಾಗಾಗಿ 100 ಮೀಟರ್ ಅಂದರೆ ಬಹುಪಾಲು ಸ್ಟಾರ್ಟ್. 400 ಮೀಟರ್‌ನಿಂದ ಮ್ಯಾರಥಾನ್‌ವರೆಗೆ ಬೇಕಾದ ಗುಣ ಬೇರೆ, ಅದು ಎಲ್ಲ ದೂರಕ್ಕೂ ಬಹುಮಟ್ಟಿಗೆ ಒಂದೇ: ಓಡುತ್ತಿರುವ ಕುರ್ಚಿಯನ್ನು ಇನ್ನೂ ಜೋರಾಗಿ ಓಡಿಸುವ ತಾಕತ್ತು. ಮೆಕ್‌ಫಾಡನ್ ರಿಯೊದಲ್ಲಿ 400, 800, 1500, 5000 ಮೀಟರ್ ನಾಲ್ಕನ್ನೂ ಗೆದ್ದದ್ದು ಇದಕ್ಕೇ. ಕಾಲಿನ ಓಟದಲ್ಲಿ 400 ಮತ್ತು 5000 ಎರಡನ್ನೂ ಗೆಲ್ಲುವವರನ್ನು ನೀವು ಯಾವತ್ತಾದರೂ ನೋಡಿದ್ದೀರಾ?

ಆಕೆ ಅಲ್ಲಿ ಸೋತದ್ದು ಯಾವುದರಲ್ಲಿ ಅಂತ ನೋಡಿ, ನಿಮ್ಮ ಪ್ರಶ್ನೆಗೆ ಅದೂ ಉತ್ತರ. ಅತಿ ಚಿಕ್ಕದಾದ 100 ಮೀಟರ್‌ನಲ್ಲಿ ಚೀನಾದ ಲಿಯು ವೆನ್‌ಜುನ್ ಎದುರು. ಅತಿ ಉದ್ದದ ಮ್ಯಾರಥಾನ್‌ನಲ್ಲಿ ಜೋ ಲಿಹೊಂಗ್ ಎದುರು. ಎರಡರಲ್ಲೂ ಬೆಳ್ಳಿ. ಲಿಯು 2012ರ ಲಂಡನ್‌ನಲ್ಲೂ 100 ಮೀಟರ್ ಗೆದ್ದಿದ್ದರು, ಸ್ಟಾರ್ಟ್‌ನಲ್ಲಿ ಪಳಗಿದ ಕೈ.

ಮ್ಯಾರಥಾನ್ ನಡೆದದ್ದು ಕೂಟದ ಕೊನೆಯ ದಿನ, ಸೆಪ್ಟೆಂಬರ್ 18ರಂದು, ಕೋಪಕಬಾನಾ ಸಮುದ್ರತೀರದ ರಸ್ತೆಯಲ್ಲಿ. ಅಲ್ಲಿ ರಸ್ತೆ ಸಪಾಟು. ಸಪಾಟಾದ ರಸ್ತೆಯಲ್ಲಿ ಒಬ್ಬರೇ ಮುಂದೆ ಓಡಿ ಎಲ್ಲರನ್ನೂ ಕಳಚಿಕೊಳ್ಳುವುದು ತುಂಬಾ ಕಷ್ಟ. ಗಂಟೆಗೆ 25 ಕಿ.ಮೀ. ದಾಟಿದರೆ ದೊಡ್ಡ ಶತ್ರು ಗಾಳಿ. ಮುಂದಿನವರ ಹಿಂದಿನ ಗಾಲಿಗೆ ತಮ್ಮ ಮುಂದಿನ ಗಾಲಿಯನ್ನು ತೀರಾ ಹತ್ತಿರ ಇಟ್ಟುಕೊಂಡು ಓಡಿದರೆ ಗಾಳಿಯ ಹೊಡೆತ ಮುಂದಿನವರಿಗೆ, ಉಳಿತಾಯ ಹಿಂದಿನವರಿಗೆ. ಡ್ರಾಫ್ಟಿಂಗ್ ಅಂತಾರೆ. ಅದಕ್ಕೇ ಗುಂಪಿನಲ್ಲಿ ಸರದಿಯ ಮೇಲೆ ಮುಂದೆ ಬರುತ್ತಾರೆ. ಕೆಲವರು ತಮ್ಮ ಸರದಿಯನ್ನು ತಪ್ಪಿಸಿಕೊಳ್ಳುತ್ತಾರೆ, ಅದಕ್ಕೆ ಓಟದ ನಡುವೆಯೇ ಬೈಗುಳವೂ ನಡೆಯುತ್ತದೆ.

ಹೀಗೆ ಒಂದೂವರೆ ಗಂಟೆ ಓಡಿ ಕೊನೆಗೆ ಉಳಿದದ್ದು ಕೆಲವೇ ನೂರು ಮೀಟರ್‌ನ ಸ್ಪ್ರಿಂಟ್. ಜೋ 1:38:44, ಮೆಕ್‌ಫಾಡನ್ 1:38:44, ಮೂರನೆಯ ಸ್ಥಾನಕ್ಕೆ ಬಂದ ಅಮೆರಿಕದ ಅಮಾಂಡಾ ಮೆಕ್‌ಗ್ರೋರಿ 1:38:45. ಮೂವರೂ ಒಂದೇ ಸೆಕೆಂಡಿನೊಳಗೆ! ರನ್ನಿಂಗ್ ರೇಸಿನಲ್ಲಿ ಎದೆ ಮುಂದೆ ಚಾಚಿದರೆ ಲಾಭ ಇದೆ. ವೀಲ್‌ಚೇರಿನಲ್ಲಿ ತಲೆ ಬಗ್ಗಿಸಿದರೂ ಎದೆ ಚಾಚಿದರೂ ಏನೂ ಸಿಗುವುದಿಲ್ಲ. ಇಲ್ಲಿ ಲೆಕ್ಕಕ್ಕೆ ಬರುವುದು ಮುಂದಿನ ಗಾಲಿಯ ನಡುವಿನ ಅಚ್ಚು ಗೆರೆ ಮುಟ್ಟಿದ ಕ್ಷಣ. ಕೊನೆಯ ತಳ್ಳು ಎಷ್ಟು ಹೊತ್ತಿಗೆ ಬಿತ್ತು ಅನ್ನುವುದೇ ಎಲ್ಲ. 4×400 ರಿಲೇಯಲ್ಲಿ ಪಳಗಿದ ಕೈಗೆ ಆ ಕೊನೆಯ ನೂರು ಮೀಟರ್ ಹೊಸದಲ್ಲ. ಮಕ್ಕಳು ಅದನ್ನು ಎರಡು ಬೇರೆ ಬೇರೆ ಸಾಧನೆ ಅಂದುಕೊಂಡಿದ್ದಾರೆ. ನಾನಾದರೆ ಒಂದೇ ಸಾಧನೆ ಅನ್ನುತ್ತೇನೆ.

ಕೈ ಹೇಗೆ ಕೆಲಸ ಮಾಡುತ್ತದೆ ಅನ್ನುವುದನ್ನೂ ಹೇಳಿಬಿಡುತ್ತೇನೆ, ಯಾಕೆಂದರೆ ಎಲ್ಲರೂ ಅವರು ರಿಂಗನ್ನು ಹಿಡಿದು ತಿರುಗಿಸುತ್ತಾರೆ ಅಂದುಕೊಳ್ಳುತ್ತಾರೆ. ಹಿಡಿಯುವುದೇ ಇಲ್ಲ. ಕೈಯಲ್ಲಿ ಗಟ್ಟಿ ಪ್ಲಾಸ್ಟಿಕ್ಕಿನ ಗ್ಲೌಸ್ ಇರುತ್ತದೆ, ಅವರವರ ಮುಷ್ಟಿಗೆ ತಕ್ಕಂತೆ ಅಚ್ಚು ಹಾಕಿದ್ದು, ತಾಗುವ ಕಡೆ ರಬ್ಬರ್. ಮುಷ್ಟಿ ಬಿಗಿದು ರಿಂಗಿಗೆ ಮೇಲಿನಿಂದ ಗುದ್ದಿ, ಕೆಳಗಿನವರೆಗೂ ಒತ್ತಿಕೊಂಡು ಹೋಗಿ, ಬೀಸಿ ಬಿಡುತ್ತಾರೆ. ಮೊಣಕೈ ಹಿಂದೆ ಮೇಲಕ್ಕೆ ಹಾರುತ್ತದೆ, ಮತ್ತೆ ಗುದ್ದು. ಟ್ರ್ಯಾಕ್ ಪಕ್ಕ ನಿಂತರೆ ಮೊದಲು ಕಿವಿಗೆ ಬೀಳುವುದು ಆ ಟಪ್ ಟಪ್ ಸದ್ದು. ಎಂಟು ಕುರ್ಚಿ ಒಟ್ಟಿಗೆ ಬಂದರೆ ಉಸಿರಾಟ ಕೂಡ ಕೇಳುವುದಿಲ್ಲ.

ಇನ್ನು ಟ್ರ್ಯಾಕಿನ ತಿರುವು. ಎರಡೂ ಕೈ ತಳ್ಳುವುದರಲ್ಲೇ ಇರುವಾಗ ಸ್ಟಿಯರಿಂಗ್ ಹಿಡಿಯುವವರು ಯಾರು? ಮುಂದೆ ಕಂಪನ್ಸೇಟರ್ ಅಂತ ಒಂದು ಪುಟ್ಟ ಲಿವರ್ ಇರುತ್ತದೆ. ಟ್ರ್ಯಾಕಿನ ತಿರುವಿಗೆ ಎಷ್ಟು ಕೋನ ಬೇಕೋ ಅಷ್ಟಕ್ಕೆ ಮೊದಲೇ ಸೆಟ್ ಮಾಡಿರುತ್ತಾರೆ. ತಿರುವು ಬಂದಾಗ ಒಂದು ಏಟು, ಮುಂದಿನ ಗಾಲಿ ಎಡಕ್ಕೆ ತಿರುಗಿ ನಿಲ್ಲುತ್ತದೆ. ನೇರ ಭಾಗಕ್ಕೆ ಬಂದಾಗ ಇನ್ನೊಂದು ಏಟು. ಏಟು ಅರ್ಧ ಸೆಕೆಂಡ್ ತಡವಾದರೆ ಲೇನ್ ತಪ್ಪುತ್ತದೆ.

ಕುರ್ಚಿ ಬೇರೆನಾ ಅಂದಿರಿ. ಮೂಲ ವಿನ್ಯಾಸದಲ್ಲಿ ಬೇರೆ ಅಲ್ಲ, ಎಲ್ಲರಿಗೂ ಒಂದೇ ನಿಯಮ. ಹಿಂದಿನ ಗಾಲಿ 70 ಸೆಂಟಿಮೀಟರ್ ದಾಟಬಾರದು, ಮುಂದಿನದು 50 ದಾಟಬಾರದು, ಗಾಳಿ ಸೀಳಲೆಂದೇ ಮಾಡಿದ ಹೊದಿಕೆ ಹಾಕಬಾರದು. ಹಣ ಸುರಿದವರಿಗೆ ಒಳ್ಳೆಯ ಕಾರ್ಬನ್ ಫ್ರೇಮ್ ಸಿಗುತ್ತದೆ ನಿಜ. ಆ ವಿಷಯದಲ್ಲಿ ಮುಂದಿರುವವರು ಸ್ವಿಸ್ಸರು. ಅಲ್ಲಿನ ವೀಲ್‌ಚೇರ್ ಓಟಗಾರ ಮಾರ್ಸೆಲ್ ಹಗ್ ಅವರ ಕುರ್ಚಿ ಮಾಡಲು ಫಾರ್ಮುಲಾ 1ರ ಸಾಬರ್ ಕಂಪನಿಯೇ ಕೈಜೋಡಿಸಿತ್ತು. ಚೀನಾದ ಗುಟ್ಟು ಕುರ್ಚಿಯಲ್ಲಿಲ್ಲ, ಆಯ್ಕೆಯಲ್ಲಿದೆ.

ಚೀನಾ ಮೊದಲ ಸಲ ಪ್ಯಾರಾಲಿಂಪಿಕ್ಸ್‌ಗೆ ಹೋದದ್ದು 1984ರಲ್ಲಿ. ಎರಡು ಚಿನ್ನ ಬಂತು. ಅದೇ ವರ್ಷ ಹೆಫೆ ನಗರದಲ್ಲಿ ಅಂಗವಿಕಲರ ಮೊದಲ ರಾಷ್ಟ್ರೀಯ ಕ್ರೀಡಾಕೂಟ ನಡೆಯಿತು. 1988ರಲ್ಲಿ ಅಂಗವಿಕಲರ ರಾಷ್ಟ್ರೀಯ ಒಕ್ಕೂಟ ಹುಟ್ಟಿತು. ಅದನ್ನು ಕಟ್ಟಿದವರು ಡೆಂಗ್ ಪುಫಾಂಗ್, ಚೀನಾದ ದೊಡ್ಡ ನಾಯಕರಾಗಿದ್ದ ಡೆಂಗ್ ಷಿಯಾವೊಪಿಂಗ್ ಅವರ ಹಿರಿಯ ಮಗ. ಸಾಂಸ್ಕೃತಿಕ ಕ್ರಾಂತಿಯ ಗಲಾಟೆಯಲ್ಲಿ, 1968ರಲ್ಲಿ, ಕಟ್ಟಡದ ಮೇಲಿನಿಂದ ಬಿದ್ದು ಅವರ ಸೊಂಟದ ಕೆಳಗೆ ಸ್ವಾಧೀನ ಹೋಗಿತ್ತು. ವೀಲ್‌ಚೇರಿನಲ್ಲಿದ್ದ ಆ ಮನುಷ್ಯನ ಮಾತಿಗೆ ಅಲ್ಲಿ ಎಷ್ಟು ತೂಕ ಇದ್ದಿರಬಹುದು, ಊಹಿಸಿ. ಒಕ್ಕೂಟದ ಶಾಖೆಗಳು ಕೆಳಗಿನ ಕೌಂಟಿಯವರೆಗೂ ಹಬ್ಬಿದವು. ಯಾವ ಹಳ್ಳಿಯಲ್ಲಿ ಯಾವ ಹುಡುಗಿಗೆ ಪೋಲಿಯೊ ಆಗಿದೆ, ಯಾವ ಹುಡುಗ ಅಪಘಾತದಲ್ಲಿ ಕಾಲು ಕಳೆದುಕೊಂಡ ಅನ್ನುವ ಪಟ್ಟಿ ಸರ್ಕಾರದ ಕೈಯಲ್ಲೇ ಇರುತ್ತದೆ. ಕೋಚ್ ಹುಡುಕಿಕೊಂಡು ಹೋಗುತ್ತಾರೆ. ನಮ್ಮಲ್ಲಿ ಮಗುವಿನ ಅಪ್ಪ ಅಮ್ಮ ಕೋಚನ್ನು ಹುಡುಕಿಕೊಂಡು ಅಲೆಯುತ್ತಾರೆ, ಅಲ್ವಾ? ವ್ಯತ್ಯಾಸದ ಅರ್ಧ ಭಾಗ ಇಲ್ಲೇ ಇದೆ.

ಆಯ್ಕೆಯಾದವರು ಮೊದಲು ಪ್ರಾಂತ್ಯದ ತಂಡಕ್ಕೆ. ನಾಲ್ಕು ವರ್ಷಕ್ಕೊಮ್ಮೆ ಬರುವ ರಾಷ್ಟ್ರೀಯ ಕೂಟದಲ್ಲಿ ಪ್ರಾಂತ್ಯಗಳ ನಡುವೆ ಜಿದ್ದಾಜಿದ್ದಿ. ಅಲ್ಲಿ ಮಿಂಚಿದರೆ ರಾಷ್ಟ್ರೀಯ ಶಿಬಿರ. 2008ರ ಕೂಟಕ್ಕೆ ಮುಂಚೆ ಬೀಜಿಂಗ್ ಹೊರವಲಯದ ಶುನ್ಯಿಯಲ್ಲಿ ಅಂಗವಿಕಲ ಕ್ರೀಡಾಪಟುಗಳಿಗೆಂದೇ ದೊಡ್ಡ ತರಬೇತಿ ಕೇಂದ್ರ ಎದ್ದಿತು. ಫಲ ಅದಕ್ಕೂ ಮುಂಚೆಯೇ ಬಂದಿತ್ತು. 2004ರ ಅಥೆನ್ಸ್‌ನಲ್ಲಿ 63 ಚಿನ್ನದೊಂದಿಗೆ ಚೀನಾ ಪದಕಪಟ್ಟಿಯ ತುದಿಗೇರಿತು. ಇಂದಿಗೂ ಕೆಳಗಿಳಿದಿಲ್ಲ.

ಬೀಜಿಂಗ್ 2008ರಲ್ಲಿ ಈ ವ್ಯವಸ್ಥೆಯಿಂದ ಬಂದ ಮೊದಲ ದೊಡ್ಡ ವೀಲ್‌ಚೇರ್ ಹೆಸರು ಝಾಂಗ್ ಲಿಷಿನ್. ಇನ್ನೂ ಹುಡುಗ. ಟಿ54 ವರ್ಗದ 200 ಮೀಟರ್, 400 ಮೀಟರ್, ಎರಡು ರಿಲೇ, ಒಟ್ಟು ನಾಲ್ಕು ಚಿನ್ನ. 400 ಮೀಟರ್‌ಗೆ ತೆಗೆದುಕೊಂಡದ್ದು 45 ಸೆಕೆಂಡಿನ ಆಸುಪಾಸು, ಕಾಲಲ್ಲಿ ಓಡುವ ವಿಶ್ವಮಟ್ಟದ ಓಟಗಾರರ ಸಮಯಕ್ಕೆ ತೀರಾ ಹತ್ತಿರ.

ಈಗ ಆ ನಾಲ್ಕು ಚಿನ್ನದ ಗತಿ ನೋಡಿ. ಟಿ54ರ 200 ಮೀಟರ್ ಆಮೇಲೆ ಪ್ಯಾರಾಲಿಂಪಿಕ್ಸ್ ಪಟ್ಟಿಯಿಂದಲೇ ಹೋಯಿತು. ಟಿ53, ಟಿ54 ಸೇರಿ ಓಡುತ್ತಿದ್ದ ರಿಲೇಗಳೂ 2021ರಲ್ಲಿ ನಡೆದ ಟೋಕಿಯೊ ಪ್ಯಾರಾಲಿಂಪಿಕ್ಸ್ ಹೊತ್ತಿಗೆ ಇಲ್ಲವಾದವು. ಉಳಿದದ್ದು 400 ಮೀಟರ್ ಒಂದೇ. ಪ್ಯಾರಾ ಕ್ರೀಡಾಪಟುವಿನ ಬದುಕನ್ನು ಅಳೆಯುವಾಗ ಇದನ್ನು ಯಾರೂ ಹೇಳುವುದಿಲ್ಲ, ನನಗೆ ಇದೇ ಮುಖ್ಯ ಅನ್ನಿಸುತ್ತದೆ. ಒಲಿಂಪಿಕ್ಸ್‌ನಲ್ಲಿ 200 ಮೀಟರ್ ಓಟ ತೆಗೆದರು ಅಂತ ಕೇಳಿದ್ದೀರಾ? ಇಲ್ಲಿ ಪ್ರತಿ ಕೂಟಕ್ಕೂ ಪಟ್ಟಿ ಬದಲಾಗುತ್ತದೆ. ಸ್ಪರ್ಧಿಗಳು ಕಡಿಮೆ ಇದ್ದರೆ ಸ್ಪರ್ಧೆ ರದ್ದು, ವರ್ಗಗಳ ವಿಲೀನ. ಎಂಟು ವರ್ಷ ಒಂದು ದೂರಕ್ಕೆ ದೇಹ ಕಟ್ಟಿಕೊಂಡವರು ಒಂದು ಸುತ್ತೋಲೆಯಿಂದ ಬೇರೆ ದೂರಕ್ಕೆ ತಯಾರಾಗಬೇಕು. ಈ ಕ್ರೀಡೆಯಲ್ಲಿ ಬಹಳ ಮಂದಿ ಒಂದೇ ದೂರವನ್ನು ನಂಬಿ ಕೂರದಿರುವುದಕ್ಕೆ ಇದೂ ಒಂದು ಕಾರಣ.

ವರ್ಗದ ಮಾತು ಬಂತು, ಚಿಕ್ಕದಾಗಿ ಹೇಳುತ್ತೇನೆ. ಟಿ53 ಅಂದರೆ ಕೈಗಳು ಪೂರ್ತಿ ಸರಿ, ಹೊಟ್ಟೆ ಮತ್ತು ಬೆನ್ನಿನ ಕೆಳಗಿನ ಸ್ನಾಯುಗಳ ಹಿಡಿತ ಇಲ್ಲ. ಟಿ54ರವರಿಗೆ ಆ ಹಿಡಿತ ಪೂರ್ತಿಯಾಗಿ ಅಥವಾ ಸ್ವಲ್ಪ ಇರುತ್ತದೆ. ಸ್ಟಾರ್ಟ್‌ನಲ್ಲಿ ಮೈಯನ್ನೇ ಎತ್ತಿ ರಿಂಗಿನ ಮೇಲೆ ಹಾಕಬಲ್ಲರು. ಟಿ51, ಟಿ52ರವರಿಗೆ ಕೈಯಲ್ಲೂ ತೊಂದರೆ.

ಟಿ53ರಲ್ಲಿ ಚೀನಾದ ಒಂದು ಹೆಸರು ಗಮನಿಸಿ: ಝೌ ಹೊಂಗ್‌ಜುವಾನ್. ಲಿಹೊಂಗ್ ಬೇರೆ, ಇವರು ಬೇರೆ. 2012ರ ಲಂಡನ್‌ನಲ್ಲಿ 400 ಮೀಟರ್ ಚಿನ್ನ, 2016ರ ರಿಯೊದಲ್ಲಿ ಮತ್ತೆ ಅದೇ ಚಿನ್ನ. ಟೋಕಿಯೊದಲ್ಲಿ ಆ ದೂರವನ್ನು ಸ್ವಿಟ್ಜರ್ಲೆಂಡಿನ ಕ್ಯಾಥರೀನ್ ಡೆಬ್ರುನ್ನರ್ ಕಿತ್ತುಕೊಂಡರು. ಡೆಬ್ರುನ್ನರ್ ಟಿ53 ಆಗಿದ್ದೂ 2024ರ ಪ್ಯಾರಿಸ್‌ನಲ್ಲಿ ಟಿ54ರವರ ಜೊತೆ ಓಡಿ ಮ್ಯಾರಥಾನ್ ಕೂಡ ಗೆದ್ದರು. ಸ್ಟಾರ್ಟ್ ದಾಟಿದ ಮೇಲೆ ಹೊಟ್ಟೆಯ ಸ್ನಾಯುಗಿಂತ ಭುಜ, ಗಾಳಿಗೆ ಮೈ ತಗ್ಗಿಸುವ ರೀತಿ ಮುಖ್ಯ ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ?

ಇನ್ನು ನಿಮ್ಮ ಪ್ರಶ್ನೆ. ಮೆಕ್‌ಫಾಡನ್ 2013ರಿಂದ 2016ರವರೆಗೆ ಸತತ ನಾಲ್ಕು ವರ್ಷ ಬೋಸ್ಟನ್, ಲಂಡನ್, ಶಿಕಾಗೊ, ನ್ಯೂಯಾರ್ಕ್ ನಾಲ್ಕೂ ಮ್ಯಾರಥಾನ್ ಗೆದ್ದರು. ಅವರ ಜೀವನ ನಡೆಯುವುದೇ ಆ ರಸ್ತೆಗಳ ಮೇಲೆ: ಬಹುಮಾನದ ಹಣ, ಪ್ರಾಯೋಜಕರು, ಟಿವಿ. ವರ್ಷಕ್ಕೆ ಹಲವು ಸಲ ಮುಖ ಕಾಣಿಸದಿದ್ದರೆ ಅವರಿಗೆ ಹೊಟ್ಟೆಪಾಡು ಕಷ್ಟ. ಚೀನಾದ ಓಟಗಾರ್ತಿಯ ಹೊಟ್ಟೆಪಾಡು ನಡೆಯುವುದು ಪ್ರಾಂತ್ಯ ಮತ್ತು ರಾಷ್ಟ್ರದ ತಂಡದಿಂದ. ಆ ತಂಡಕ್ಕೆ ಬೇಕಿರುವುದು ಪ್ಯಾರಾಲಿಂಪಿಕ್ಸ್ ಪದಕ, ಏಷ್ಯನ್ ಪ್ಯಾರಾ ಗೇಮ್ಸ್ ಪದಕ, ರಾಷ್ಟ್ರೀಯ ಕೂಟದ ಪದಕ. ಶಿಕಾಗೊ ರಸ್ತೆಯ ಗೆಲುವು ಆ ಲೆಕ್ಕದಲ್ಲಿ ಬಹಳ ಕಾಲ ಬರಲೇ ಇಲ್ಲ. ಹಾಗಾಗಿ ಅವರು ಶಿಬಿರದಲ್ಲೇ ವರ್ಷಗಟ್ಟಲೆ ತಳ್ಳುತ್ತಾರೆ, ಒಮ್ಮೆಗೇ ಎದ್ದು ಬಂದು ಎಲ್ಲರನ್ನೂ ಬೆಚ್ಚಿಬೀಳಿಸುತ್ತಾರೆ. ಎದುರಾಳಿಗಳಿಗೆ ಇದು ದೊಡ್ಡ ತಲೆನೋವು. ಯಾರು ಯಾವ ಹಂತದಲ್ಲಿದ್ದಾರೆ ಅಂತ ಗೊತ್ತಾಗುವುದೇ ಇಲ್ಲ. ಕೋವಿಡ್ ಸಮಯದಲ್ಲಿ ಹೊರಗಿನ ಓಟಗಳಿಗೆ ಹೋಗುವುದು ಬಹುತೇಕ ನಿಂತೇ ಹೋಗಿತ್ತು. ಆದರೂ ಟೋಕಿಯೊದ ಗಂಡಸರ ಮ್ಯಾರಥಾನ್‌ನಲ್ಲಿ ಚೀನಾದ ಝಾಂಗ್ ಯೊಂಗ್ ಮಾರ್ಸೆಲ್ ಹಗ್ ಹಿಂದೆಯೇ ಬಂದು ಬೆಳ್ಳಿ ತೆಗೆದರು. ಪ್ಯಾರಿಸ್‌ನಲ್ಲೂ ಹಗ್ ಹಿಂದೆ ಬಂದವರು ಚೀನಾದವರೇ, ಜಿನ್ ಹುವಾ. ಈಚೆಗೆ ದೊಡ್ಡ ನಗರಗಳ ಮ್ಯಾರಥಾನ್‌ಗಳಲ್ಲೂ ಚೀನಾದ ಹೆಸರು ಕಾಣಿಸಿಕೊಳ್ಳಲು ಶುರುವಾಗಿದೆ.

ಈ ವ್ಯವಸ್ಥೆಯನ್ನು ನಾನು ಸುಮ್ನೆ ಹೊಗಳುತ್ತಿಲ್ಲ. ಲಾಭ ಇದೆ: ಕುರ್ಚಿ, ಊಟ, ಕೋಚ್, ಡಾಕ್ಟರ್ ಎಲ್ಲ ಸಿಗುತ್ತದೆ. ಜಗತ್ತಿನ ಬೇರೆ ಕಡೆ ಕುರ್ಚಿಗೇ ಲಕ್ಷಾಂತರ ರೂಪಾಯಿ ಹೊಂದಿಸಲಾಗದೆ ಎಷ್ಟೋ ಮಂದಿ ಶುರುವಿನಲ್ಲೇ ನಿಲ್ಲುತ್ತಾರೆ. ನಷ್ಟವೂ ಇದೆ. ಚಿನ್ನ ಗೆದ್ದವರನ್ನೂ ಅವರ ದೇಶದ ಹೊರಗೆ ಯಾರೂ ಗುರುತಿಸುವುದಿಲ್ಲ. ಅವರದೇ ಮಾತಿನಲ್ಲಿ ಅವರ ಕಥೆ ಕೇಳುವುದೂ ಅಪರೂಪ. ಮೆಕ್‌ಫಾಡನ್ ರಷ್ಯಾದ ಲೆನಿನ್‌ಗ್ರಾಡ್‌ನಲ್ಲಿ ಹುಟ್ಟಿ ಅನಾಥಾಶ್ರಮದಲ್ಲಿ ಬೆಳೆದದ್ದು ನಿಮಗೂ ಗೊತ್ತು, ನನಗೂ ಗೊತ್ತು. ಅವರನ್ನು ಸೋಲಿಸಿದ ಲಿಹೊಂಗ್ ಬಗ್ಗೆ ಫಲಿತಾಂಶದ ಪಟ್ಟಿ ಬಿಟ್ಟರೆ ನಮ್ಮ ಕೈಗೆ ಸಿಗುವುದು ಅತ್ಯಲ್ಪ.

ಟೋಕಿಯೊದಿಂದ ಬಂದ ಯೂನಿವರ್ಸಲ್ ರಿಲೇಯನ್ನೂ ಮಕ್ಕಳಿಗೆ ತೋರಿಸಿ. ಇಬ್ಬರು ಹೆಂಗಸರು, ಇಬ್ಬರು ಗಂಡಸರು. ಮೊದಲು ದೃಷ್ಟಿದೋಷ ಇರುವವರು, ಆಮೇಲೆ ಕೈ ಅಥವಾ ಕಾಲಿನ ಊನ ಇರುವವರು, ಆಮೇಲೆ ಸೆರೆಬ್ರಲ್ ಪಾಲ್ಸಿ ಇರುವವರು, ಕೊನೆಗೆ ವೀಲ್‌ಚೇರ್. ಬ್ಯಾಟನ್ ಇಲ್ಲ, ಮೈ ಮುಟ್ಟಿದರೆ ಸಾಕು. ಟೋಕಿಯೊದಲ್ಲಿ ಚೀನಾ ಓಡಿ ಮುಗಿಸಿದ ಮೇಲೆ ಅನರ್ಹವಾಯಿತು. ಪ್ಯಾರಿಸ್‌ನಲ್ಲಿ ಚೀನಾದ ಹು ಯಾಂಗ್ ಕೊನೆಯ ನೂರು ಮೀಟರ್ ತಳ್ಳಿ ಚಿನ್ನ ತಂದರು. ಹಿಂದಿನವರು ಓಡಿಬಂದು ಮುಟ್ಟುವ ಹೊತ್ತಿಗೆ ಕುರ್ಚಿ ಆಗಲೇ ಉರುಳುತ್ತಿರಬೇಕು, ಜಾಗ ದಾಟಿಯೂ ಇರಬಾರದು. ಮೇಲೆ ಹೇಳಿದ ಸ್ಟಾರ್ಟ್ ಕಷ್ಟ ಅಲ್ಲಿ ಕಣ್ಣಿಗೆ ಕಟ್ಟುತ್ತದೆ.

ನೀವು ಪಿ.ಇ. ಟೀಚರ್ ಆದ್ದರಿಂದ ಇನ್ನೆರಡು ಮಾತು. ಈ ಕ್ರೀಡೆ ತಡವಾಗಿ ಶುರು ಮಾಡಿದವರಿಗೂ ಒಲಿಯುತ್ತದೆ. ಅಪಘಾತದ ನಂತರ ಇಪ್ಪತ್ತು ದಾಟಿ ಬಂದವರೂ ಮೇಲಕ್ಕೇರಿದ್ದಾರೆ. ಬೇಗ ಕೈಕೊಡುವುದು ಭುಜ. ದಿನವಿಡೀ ಓಡಾಡಲೂ ಅದೇ ಭುಜ, ಓಡಲೂ ಅದೇ ಭುಜ, ಅದಕ್ಕೆ ರಜೆಯೇ ಇಲ್ಲ. ಎರಡನೆಯದು ಚರ್ಮ. ಸ್ಪರ್ಶಜ್ಞಾನ ಇಲ್ಲದ ಕಡೆ ಒತ್ತುಹುಣ್ಣು ಆದರೆ ನೋವೇ ಗೊತ್ತಾಗುವುದಿಲ್ಲ, ತಿಂಗಳುಗಟ್ಟಲೆ ತರಬೇತಿ ಹೋಗುತ್ತದೆ. ಬೆನ್ನುಹುರಿ ಎದೆಯ ಮಟ್ಟದಲ್ಲಿ ಅಥವಾ ಅದಕ್ಕಿಂತ ಮೇಲೆ ಏಟಾದವರಿಗೆ ಬೆವರೂ ಸರಿಯಾಗಿ ಬರುವುದಿಲ್ಲ. ನಮ್ಮ ಬಿಸಿಲಲ್ಲಿ ಅದು ಅಪಾಯ. ಅಂಥವರಲ್ಲಿ ಕೆಲವರು ಬೇಕೆಂದೇ ಮೈಗೆ ನೋವು ಮಾಡಿಕೊಂಡು ರಕ್ತದೊತ್ತಡ ಏರಿಸಿಕೊಂಡು ಓಡುವ ಚಟವೂ ಇತ್ತು. ಬೂಸ್ಟಿಂಗ್ ಅಂತಾರೆ. ಜೀವಕ್ಕೇ ಕುತ್ತು, ಈಗ ನಿಷೇಧ.

ನಮ್ಮಲ್ಲಿ ಯಾರೂ ಇಲ್ಲವಾ ಅಂತ ಮಕ್ಕಳು ಖಂಡಿತ ಕೇಳುತ್ತಾರೆ. ಬೆಂಗಳೂರಿನ ಮಾಲತಿ ಹೊಳ್ಳ ಅವರ ಬಗ್ಗೆ ಹೇಳಿ. ಹಸುಗೂಸಾಗಿದ್ದಾಗಲೇ ಪೋಲಿಯೊ. 1988ರ ಸೋಲ್ ಪ್ಯಾರಾಲಿಂಪಿಕ್ಸ್‌ಗೆ ಹೋಗಿದ್ದರು. ವೀಲ್‌ಚೇರ್ ಓಟದ ಜೊತೆ ಗುಂಡು ಎಸೆತ, ಡಿಸ್ಕಸ್, ಜಾವೆಲಿನ್ ಎಲ್ಲ ಮಾಡಿದವರು. ಅರ್ಜುನ, ಪದ್ಮಶ್ರೀ ಎರಡೂ ಬಂದಿವೆ.

ನಿಮ್ಮ ಶಾಲೆಯಲ್ಲಿ ವೀಲ್‌ಚೇರ್ ಬಳಸುವ ಮಗು ಇದ್ದರೆ ರೇಸಿಂಗ್ ಕುರ್ಚಿ ಬರಲಿ ಅಂತ ಕಾಯಬೇಡಿ. ದಿನಬಳಕೆಯ ಕುರ್ಚಿಯಲ್ಲೇ ಸಪಾಟಾದ ಜಾಗದಲ್ಲಿ ತಳ್ಳುವುದು ಕಲಿಸಿ. ತಳ್ಳುವ ಸ್ನಾಯುಗಿಂತ ಎಳೆಯುವ ಸ್ನಾಯುವಿಗೆ, ಅಂದರೆ ಬೆನ್ನಿನ ಮೇಲ್ಭಾಗಕ್ಕೆ, ರಬ್ಬರ್ ಬ್ಯಾಂಡಿನಲ್ಲಿ ಜಾಸ್ತಿ ವ್ಯಾಯಾಮ ಕೊಡಿ. ಭುಜ ಉಳಿಯುವುದು ಅದರಿಂದ. ಪ್ರತಿದಿನ ಮನೆಯಲ್ಲಿ ಯಾರಾದರೂ ಚರ್ಮ ನೋಡಲಿ. ಆಮೇಲೆ ಪ್ಯಾರಾಲಿಂಪಿಕ್ ಕಮಿಟಿ ಆಫ್ ಇಂಡಿಯಾದ ಮಾನ್ಯತೆ ಇರುವ ಕೂಟದಲ್ಲಿ ವರ್ಗೀಕರಣ ಮಾಡಿಸಿ. ವರ್ಗ ಯಾವುದು ಅಂತ ಗೊತ್ತಾಗುವ ಮೊದಲು ಕುರ್ಚಿಗೆ ಅಳತೆ ಕೊಡಬೇಡಿ. ಟಿ53ರವರು ಕೂರುವ ರೀತಿಯೇ ಬೇರೆ, ಟಿ54ರವರದೇ ಬೇರೆ. ತಪ್ಪು ಅಳತೆಯ ಕುರ್ಚಿಯನ್ನು ಆಮೇಲೆ ಸರಿಪಡಿಸುವುದು ಕಷ್ಟ.